ಚೆಂಡಿಗೆ ಹತ್ತಿದ ಅರಿಶಿನ

ಅರಿಶಿನದ ಕಲೆ ಸೋಪಿಗೆ ಹೆದರುವುದಿಲ್ಲ, ಬಿಸಿಲಿಗೆ ಹೆದರುತ್ತದೆ. ಎಷ್ಟು ಉಜ್ಜಿದರೂ ಜಗ್ಗದೆ ಕೂತ ಹಳದಿ, ಒದ್ದೆ ಬಟ್ಟೆಯನ್ನು ಬಿಸಿಲಲ್ಲಿ ಹರವಿದರೆ ಸಾಯಂಕಾಲದೊಳಗೆ ಹೇಳದೆ ಕೇಳದೆ ಹೊರಟುಹೋಗುತ್ತದೆ. ಮಸ್ಕತ್ತಿನ ಸೂರ್ಯನಾರಾಯಣನ ಮುಂದಂತೂ ಅದಕ್ಕೆ ಸಾಯಂಕಾಲದವರೆಗೂ ಕಾಯುವ ಧೈರ್ಯವಿಲ್ಲ. ಇಲ್ಲಿನ ಬಿಸಿಲನ್ನು ಎಲ್ಲರೂ ಬೈಯುತ್ತಾರೆ. ನಾನು ಮಾತ್ರ ಬಟ್ಟೆ ಹರವುವಾಗಲೆಲ್ಲ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಭಗವಂತ ಕೊಟ್ಟ ಉಪಕಾರಗಳ ಪಟ್ಟಿಯಲ್ಲಿ ಪುಕ್ಕಟೆಯ ಡ್ರೈಕ್ಲೀನಿಂಗನ್ನೂ ಸೇರಿಸದಿದ್ದರೆ ಕೃತಘ್ನತೆಯಾಗುತ್ತದೆ, ಅಲ್ಲವೇ?

ಆದರೆ ಇವತ್ತು ಬೆಳಿಗ್ಗೆ ತಾರಸಿಯ ಮೇಲೆ ನಮ್ಮ ಯಜಮಾನರ ಬಿಳಿ ಅಂಗಿಯೊಂದನ್ನು ಹಿಡಿದು ತಂತಿಯ ಮುಂದೆ ಸುಮ್ಮನೆ ನಿಂತುಬಿಟ್ಟೆ. ಅಂಗಿಯ ಎಡ ಭುಜದ ಮೇಲೆ ಅಂಗೈಯಗಲ ಅರಿಶಿನದ ಕಲೆ. ಹರವಬೇಕೋ ಬೇಡವೋ? ಇಷ್ಟು ಸಣ್ಣ ಪ್ರಶ್ನೆಯ ಹಿಂದೆ ಒಬ್ಬ ಆಂಗ್ಲ ಮಹಾಶಯರ ಕ್ರಿಕೆಟ್ ಜೀವನಚರಿತ್ರೆ ಇದೆ. ಗಾಬರಿಯಾಗಬೇಡಿ, ಅದು ಬಹಳ ಚಿಕ್ಕ ಚರಿತ್ರೆ; ಒಲೆಯ ಮೇಲೆ ಹಾಲಿಟ್ಟಿದ್ದರೆ ಉಕ್ಕುವುದರೊಳಗೆ ಮುಗಿಸಬಹುದಿತ್ತು. ಮಾತಿಗೆ ಕೂತರೆ ನಾನು ಹಾಲನ್ನು ಮರೆಯುವವಳಾದ್ದರಿಂದ ಸ್ವಲ್ಪ ಉದ್ದವಾಗುತ್ತದೆ.

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ನಮ್ಮದು ಒಂದು ವಿಲ್ಲಾದ ಹಿಂಭಾಗ. ವಿಲ್ಲಾ ಎಂದು ಊರಿಗೆ ಫೋನು ಮಾಡಿ ಹೇಳಿಕೊಳ್ಳಲು ಚೆನ್ನಾಗಿರುತ್ತದೆ, ಹಿಂಭಾಗ ಎಂಬುದನ್ನು ಮೆಲ್ಲಗೆ ನುಂಗಿಕೊಂಡರಾಯಿತು. ಮುಂಭಾಗದಲ್ಲಿ ಜೂಲಿ ಎಂಬ ಆಂಗ್ಲ ಹೆಣ್ಣುಮಗಳ ಸಂಸಾರವಿತ್ತು. ಎರಡು ವರ್ಷದ ಹಿಂದೆ ಅವಳ ತಾಯಿ ತೀರಿಕೊಂಡ ಮೇಲೆ ತಂದೆಯೂ ಇಲ್ಲಿಗೇ ಬಂದರು. ಅವರೇ ಟಾಮ್ ಅಜ್ಜ. ಎಂಬತ್ತು ದಾಟಿದ ದೇಹ, ಸೊಂಟಕ್ಕೆ ಒಮ್ಮೆ ಶಸ್ತ್ರಚಿಕಿತ್ಸೆಯಾಗಿದೆ, ಕಿವಿಗೆ ಯಂತ್ರವಿದೆ, ಬಾಯಿತುಂಬ ನಗು ಮಾತ್ರ ಕಂಪನಿಯಿಂದ ಬಂದ ಹಾಗೇ ಇದೆ. ಬೆಳಗಿನ ಹೊತ್ತು ನಾನು ತುಳಸಿಗೆ ನೀರು ಹಾಕುವಾಗ ಅವರು ಗೋಡೆಯಾಚೆಯಿಂದ ಟೋಪಿ ತೆಗೆದು ತುಳಸಿಗೇ ಮೊದಲು ವಂದಿಸಿ ಆಮೇಲೆ ನನಗೆ ವಂದಿಸುತ್ತಿದ್ದರು. ದೇವರಿಗೆ ಮೊದಲ ಮರ್ಯಾದೆ ಕೊಡುವವರ ಮೇಲೆ ನನಗೆ ಪ್ರೀತಿ ಹುಟ್ಟಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇಡ್ಲಿಯ ತಟ್ಟೆ ಗೋಡೆ ದಾಟತೊಡಗಿತು. ನಾನು ಬಡಿಸುತ್ತಲೇ ಹೋಗುವುದನ್ನು ನಿಲ್ಲಿಸಲು ಅವರು ಕನ್ನಡದ ಒಂದೇ ಒಂದು ಪದವನ್ನು ಕಲಿತರು: "ಸಾಕು." ಎರಡು ಕೈಗಳನ್ನೂ ತಟ್ಟೆಯ ಮೇಲೆ ಅಡ್ಡ ಹಿಡಿದು, ಆ ಪದವನ್ನು ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೆಂದರೆ, ಇಲ್ಲೇ ಹುಟ್ಟಿ ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳಿಗೆ ಅವರಿಂದಲೇ ಪಾಠ ಹೇಳಿಸೋಣವೆನ್ನಿಸಿತ್ತು.

ಅಜ್ಜ ಒಂದು ಕಾಲದಲ್ಲಿ ಇಂಗ್ಲೆಂಡಿನ ಒಂದು ಕೌಂಟಿಗೆ, ಎಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಕ್ರಿಕೆಟ್ ಆಡಿದ್ದವರು ಎಂಬುದು ಗೊತ್ತಾದ ದಿನ ನಮ್ಮ ಯಜಮಾನರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಮೈಸೂರಿನ ಮೈದಾನಗಳಲ್ಲಿ ಆಡಿ ಬೆಳೆದು, ಇಲ್ಲಿನ ಘಾಲಾದ ಕಂಪನಿಯೊಂದರ ಆಫೀಸಿನಲ್ಲಿ ಕೂತು ಕೂತು ಮಂಡಿ ಕೆಡಿಸಿಕೊಂಡು, ಈಗ ಶುಕ್ರವಾರದ ಪಂದ್ಯಗಳಿಗೆ ಅಂಪೈರ್ ಮಾತ್ರ ಆಗಬಲ್ಲ ಜೀವ ಅದು.

"ಎಷ್ಟು ಪಂದ್ಯ, ಎಷ್ಟು ರನ್ನು?" ಎಂದು ಕಣ್ಣರಳಿಸಿ ಕೇಳಿದರು.

"ಎರಡು ಪಂದ್ಯ. ರನ್ನು ಸೊನ್ನೆ," ಎಂದು ಅಜ್ಜ ನಕ್ಕರು. ಆಮೇಲೆ ಕಾಫಿ ಆರುವವರೆಗೂ ಕಥೆ ಹೇಳಿದರು. ಅವರ ಇಂಗ್ಲಿಷನ್ನು ಯಜಮಾನರು ನನಗೆ ಬಿಡಿಸಿ ಹೇಳುತ್ತ ಹೋದರು.

ಆಗ ಅಲ್ಲಿ ಆಟಗಾರರಲ್ಲಿ ಎರಡು ಬಗೆಯಂತೆ. ಸಂಬಳ ತೆಗೆದುಕೊಂಡು ಆಡುವವರು ಒಂದು, ಕಾಸು ಮುಟ್ಟದೆ ಆಡುವ ಹವ್ಯಾಸಿಗಳು ಇನ್ನೊಂದು. ಒಂದೇ ತಂಡವಾದರೂ ಬಟ್ಟೆ ಬದಲಾಯಿಸುವ ಕೋಣೆ ಬೇರೆ, ಕೆಲವು ಕಡೆ ಮೈದಾನಕ್ಕಿಳಿಯುವ ಗೇಟೂ ಬೇರೆ. ಅಜ್ಜ ಆಗ ಕಾಲೇಜು ಹುಡುಗ, ಹವ್ಯಾಸಿ. ಆದ್ದರಿಂದ ದೊಡ್ಡ ಗೇಟು. ಮೊದಲ ಪಂದ್ಯದಲ್ಲಿ ಮಳೆ ಬಂದು ಇವರ ಸರದಿಯೇ ಬರಲಿಲ್ಲ. ಎರಡನೆಯದರಲ್ಲಿ ಮೊದಲ ಸರದಿಗೆ ಹೋಗಿ ಖಾತೆ ತೆರೆಯದೆ ವಾಪಸು ಬಂದರು. ಎರಡನೆಯ ಸರದಿಯಲ್ಲಿ ಚೆಂಡು ಬ್ಯಾಟಿನ ಅಂಚಿಗೆ ಕೂದಲೆಳೆಯಷ್ಟು ತಾಗಿ ಹಿಂದೆ ನಿಂತ ವಿಕೆಟ್‌ಕೀಪರನ ಕೈಸೇರಿತು. ಯಾರಿಗೂ ಸದ್ದು ಕೇಳಿಸಲಿಲ್ಲ, ಅಂಪೈರು ಬೆರಳೆತ್ತಲಿಲ್ಲ. ಇವರ ಕೈಗೆ ಮಾತ್ರ ಗೊತ್ತಾಗಿತ್ತು. ತಾವಾಗಿಯೇ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಬಂದರಂತೆ. ತಂಡ ಸೋತಿತು, ಮತ್ತೆ ಇವರನ್ನು ಯಾರೂ ಕರೆಯಲಿಲ್ಲ. ನಾಚಿಕೆಯಿಂದ ಕೆಲವು ವರ್ಷ ಬ್ಯಾಟು ಮುಟ್ಟಲಿಲ್ಲ. ಆಮೇಲೆ ಭೂಗೋಳದ ಮೇಷ್ಟ್ರ ಕೆಲಸ, ಸಂಸಾರ, ಹೀಗೆ ಮುಟ್ಟಲು ಪುರಸೊತ್ತಾಗಲಿಲ್ಲ. ಆದರೆ ಆ ಬ್ಯಾಟನ್ನು ಮಾತ್ರ ಎಣ್ಣೆ ಸವರಿ ಕಾಪಾಡಿಕೊಂಡು, ಮಸ್ಕತ್ತಿಗೂ ಹೊತ್ತು ತಂದಿದ್ದರು.

ಹವ್ಯಾಸಿ ಎಂಬ ಪದ ನನಗೆ ಬಹಳ ಹಿಡಿಸಿತು. ನನ್ನ ವೀಸಾದಲ್ಲಿ, ಈಕೆ ಸಂಸಾರದ ಜೊತೆಗಿರಲು ಬಂದವಳು, ಕೆಲಸ ಮಾಡತಕ್ಕದ್ದಲ್ಲ ಎಂಬರ್ಥದ ಮಾತಿದೆ. ಬೆಳಿಗ್ಗೆ ಐದಕ್ಕೆ ಎದ್ದು ದೇವರ ದೀಪ, ಡಬ್ಬಿಗಳು, ಪಾತ್ರೆ, ಬಟ್ಟೆ, ಮತ್ತೆ ದೀಪ ಎಂದು ಸುತ್ತುವಾಗ ಆ ಸಾಲು ನೆನಪಾಗಿ ನಗು ಬರುತ್ತಿರುತ್ತದೆ. ಸರ್ಕಾರಕ್ಕೆ ಗೊತ್ತಾದರೆ ಏನು ಗತಿ! ಹಾಗಾದರೆ ನಾನೂ ಒಬ್ಬ ಹವ್ಯಾಸಿ ಆಟಗಾರ್ತಿಯೇ. ಸಂಬಳವಿಲ್ಲ, ನಿವೃತ್ತಿಯಿಲ್ಲ, ಹುಳಿಗೆ ಉಪ್ಪು ಮರೆತ ದಿನ ಮಾತ್ರ ಔಟು. ಅಜ್ಜನಿಗೆ ಇದನ್ನು ಹೇಳಿಸಿದಾಗ, "ಹಾಗಾದರೆ ಈ ಅಮ್ಮನೂ ದೊಡ್ಡ ಗೇಟಿನಿಂದಲೇ ಬರಬೇಕು" ಎಂದುಬಿಟ್ಟರು. ಆವತ್ತಿನಿಂದ ನಾನು ಇಡ್ಲಿಯನ್ನು ಗೋಡೆಯ ಮೇಲಿಂದ ದಾಟಿಸದೆ ಅವರ ಮುಂಬಾಗಿಲಿನಿಂದಲೇ ಒಯ್ಯತೊಡಗಿದೆ.

ಹೀಗಿರುವಾಗ ನವರಾತ್ರಿಯ ಹೊತ್ತಿಗೆ ಜೂಲಿಯ ಗಂಡನ ಕೆಲಸದ ಅವಧಿ ಮುಗಿಯಿತು. ಖಲಾಸ್. ಇನ್ನೊಂದು ವಾರಕ್ಕೆ ಎಲ್ಲರೂ ಇಂಗ್ಲೆಂಡಿಗೆ ಹೊರಡುವುದೆಂದಾಯಿತು. ಮನೆಯೊಳಗೆ ರಟ್ಟಿನ ಪೆಟ್ಟಿಗೆಗಳು ಏಳುತ್ತಿದ್ದಾಗ ಅಜ್ಜ ಬ್ಯಾಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಮ್ಮ ಯಜಮಾನರನ್ನು ಕರೆದು ಮೆಲ್ಲಗೆ ಹೇಳಿದರಂತೆ: "ನೂರು ಬೇಡ, ಹತ್ತು ಬೇಡ. ಕೊನೆಯ ಬಾರಿ ಬ್ಯಾಟು ಹಿಡಿದಾಗ ಮಾಡಿದ್ದು ಸೊನ್ನೆ ಎಂದಾಗದೆ ಒಂದು ಎಂದಾದರೆ ಸಾಕು. ಅಲ್ಲಿ ನನ್ನನ್ನು ಆಡಿಸುವವರು ಯಾರೂ ಇಲ್ಲ."

ಜೂಲಿ ಕೇಳಿದವಳೇ, ಸಾಧ್ಯವೇ ಇಲ್ಲ ಎಂದಳು. ಅವಳದೇನೂ ತಪ್ಪಿಲ್ಲ, ಸೊಂಟ ಮತ್ತೆ ಮುರಿದರೆ ವಿಮಾನ ಹತ್ತಿಸುವುದು ಹೇಗೆ? ಕೊನೆಗೆ ಷರತ್ತುಗಳ ಮೇಲೆ ಒಪ್ಪಿದಳು. ಗಟ್ಟಿ ಚೆಂಡಾಗಬಾರದು, ಬಿಳಿ ಟೇಪು ಸುತ್ತಿದ ಟೆನಿಸ್ ಚೆಂಡೇ ಆಗಬೇಕು. ಅಪ್ಪ ಓಡಬಾರದು, ಬದಲಿಗೆ ಬೇರೆಯವರು ಓಡಬೇಕು. ಮತ್ತು ಒಂದೇ ಒಂದು ಓವರು, ಎಂದರೆ ಆರು ಚೆಂಡು, ಅಷ್ಟೇ.

ಮಸ್ಕತ್ತಿನಲ್ಲಿ ನಮ್ಮ ಹಬ್ಬಗಳೆಲ್ಲ ಶುಕ್ರವಾರಕ್ಕಾಗಿ ಕಾಯುತ್ತವೆ. ಪಂಚಾಂಗದಲ್ಲಿ ಆಯುಧಪೂಜೆ ವಾರದ ನಡುವೆ ಎಲ್ಲೇ ಇರಲಿ, ರಜೆ ಇರುವ ಶುಕ್ರವಾರ ಬೆಳಿಗ್ಗೆ ದೇವಿ ಹೊಂದಿಕೊಂಡು ಬರುತ್ತಾಳೆ. ಅಷ್ಟು ದಾಕ್ಷಿಣ್ಯವಿಲ್ಲದಿದ್ದರೆ ಅವಳನ್ನು ತಾಯಿ ಎನ್ನುವುದು ಹೇಗೆ? ಈ ಸಲ ಪಂದ್ಯವೂ ಅದೇ ಶುಕ್ರವಾರ. ಊರಂಚಿನ ಅಲ್ ಮಬೇಲಾದ ಆಚೆ, ಬೋಳು ಬೆಟ್ಟದ ಬುಡದಲ್ಲಿ, ಜಲ್ಲಿಯ ಬಯಲಿನ ನಡುವೆ ಒಂದು ಸಿಮೆಂಟಿನ ಪಟ್ಟಿ, ಅದೇ ಮೈದಾನ. ಕಂಪನಿಯ ಆಫೀಸಿನವರು ಒಂದು ಕಡೆ, ವರ್ಕ್‌ಶಾಪಿನವರು ಇನ್ನೊಂದು ಕಡೆ. ಅಜ್ಜ ಇಳಿದು ಸುತ್ತ ನೋಡಿ, "ಇಲ್ಲಿ ಗೇಟೇ ಇಲ್ಲವಲ್ಲ!" ಎಂದು ಮಗುವಿನಂತೆ ಖುಷಿಪಟ್ಟರು.

ನಮ್ಮ ಕಾರಿನ ಡಿಕ್ಕಿಯೇ ಮಂಟಪ. ಗಾಳಿಗೆ ದೀಪ ನಿಲ್ಲುತ್ತಿರಲಿಲ್ಲ. ವರ್ಕ್‌ಶಾಪಿನ ತಂಡದ ಬೌಲರು, ಸಿಯಾಲ್‌ಕೋಟ್ ಕಡೆಯ ಇಮ್ತಿಯಾಜ್ ಭಾಯಿ, ಏನೂ ಹೇಳದೆ ತಮ್ಮ ಪಿಕಪ್ಪನ್ನು ತಂದು ಗಾಳಿಗೆ ಅಡ್ಡ ನಿಲ್ಲಿಸಿದರು. ದೀಪ ನೆಟ್ಟಗಾಯಿತು. ಇಂಥವರನ್ನೆಲ್ಲ ನಾನು ನಂಜುಂಡೇಶ್ವರನ ಕಡೆಯವರು ಎಂದೇ ಎಣಿಸುವುದು.

ಕಾರಿಗೆ, ಸ್ಟಂಪುಗಳಿಗೆ, ನೀರಿನ ಡ್ರಮ್ಮಿಗೆ ಒಂದೊಂದು ಕುಂಕುಮದ ಬೊಟ್ಟು ಆಯಿತು. ಅಜ್ಜ ತಮ್ಮ ಬ್ಯಾಟನ್ನೂ ಎರಡು ಕೈಯಲ್ಲಿ ನೀಡಿದರು. ಬ್ಯಾಟಿನ ಮುಖ ಯಾವುದು, ಬೆನ್ನು ಯಾವುದು ಎಂಬುದು ನನಗೆ ಇಂದಿಗೂ ಅನುಮಾನ. ದೇವರ ಕೆಲಸದಲ್ಲಿ ಲೋಪವಾಗಬಾರದೆಂದು ಹೊಸ್ತಿಲಿಗೆ ಬಳಿಯುವ ಹಾಗೆ ಒದ್ದೆ ಅರಿಶಿನವನ್ನು ಅಂಚಿನುದ್ದಕ್ಕೂ ಬಳಿದು ಮೇಲೆ ಕುಂಕುಮವಿಟ್ಟೆ.

ಆಫೀಸಿನ ತಂಡದ ದಿನಕರಣ್ಣನ ಹೆಂಡತಿ ವಾರಿಜಕ್ಕ, ಉಡುಪಿಯವಳು, ನೋಡಿ ಹಣೆ ಚಚ್ಚಿಕೊಂಡಳು. "ಎಂತ ಮಾರಾಯ್ತಿ, ಇದು ಬ್ಯಾಟಾ, ಇಲ್ಲ ಹೊಸ ಮದುಮಗಳಾ?"

"ಮದುಮಗಳೇ ಬಿಡಿ. ಅರವತ್ತು ವರ್ಷ ಕಾದಿದಾಳೆ," ಎಂದೆ.

ಅಜ್ಜ ಕಾಲಿಗೆ ಕಟ್ಟಿಕೊಳ್ಳುವ ಪ್ಯಾಡುಗಳಿಗೂ ಕೈ ಹಾಕಿದೆ. ಆದರೆ ಅವು ಬಿಳಿ. ಬಿಳಿಯ ಮೇಲೆ ಅರಿಶಿನ ಬಿದ್ದರೆ ಮುಂದಿನ ಕಷ್ಟ ಯಾರದೆಂದು ಗೊತ್ತಿದ್ದವಳಾದ್ದರಿಂದ ಬರೀ ಕುಂಕುಮದ ಚುಕ್ಕೆ ಇಟ್ಟು ಬಿಟ್ಟೆ. ಇಮ್ತಿಯಾಜ್ ಭಾಯಿ ಅಜ್ಜನ ಓವರಿಗೆಂದೇ ಹೊಸದಾಗಿ ಟೇಪು ಸುತ್ತಿದ ಚೆಂಡನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. "ಭಾಭೀಜಿ, ಇಸ್ ಕೋ ಮತ್ ಲಗಾನಾ, ಇದಕ್ಕೆ ಹಚ್ಚಬೇಡಿ. ಕೈಯಿಂದ ಜಾರಿದರೆ ನನ್ನ ಮರ್ಯಾದೆ ಹೋಗುತ್ತೆ," ಎಂದು ಹಿಂದಿಯಲ್ಲಿ ಬೇಡಿಕೊಂಡರು. ಚೆಂಡು ಪೂಜೆಯಿಲ್ಲದೆ, ಬೆಳ್ಳಗೆ ಉಳಿಯಿತು.

ಜುಮ್ಮಾ ನಮಾಜಿಗೆ ಮೊದಲು ಎಲ್ಲ ಮುಗಿಯಬೇಕು, ಬಿಸಿಲೂ ಏರಬಾರದು. ಆಫೀಸಿನವರ ಸರದಿಯ ಕೊನೆಯ ಓವರಿಗೆ ಅಜ್ಜ ಹೊರಟರು. ಬೆವರಿಗೆ ಹಾಳಾಗುತ್ತದೆಂದು ಕಿವಿಯ ಯಂತ್ರವನ್ನು ತೆಗೆದು ಜೂಲಿಯ ಕೈಗಿಟ್ಟರು. ಬದಲಿಗೆ ಓಡಲು ದಿನಕರಣ್ಣ ಹೊಟ್ಟೆಯನ್ನೆಳೆದುಕೊಂಡು ನಿಂತರು. ಅಂಪೈರು, ನಮ್ಮ ಯಜಮಾನರು, ಆವತ್ತು ಒಗೆದ ಬಿಳಿ ಅಂಗಿಯಲ್ಲಿ. ಜೂಲಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒಡೆಯುತ್ತದೆಂದುಕೊಂಡೆ. ನಾನು ಇನ್ನೊಂದು ಕೈಯಲ್ಲಿ ತಾಳಿ ಹಿಡಿದುಕೊಂಡು, ನಂಜುಂಡಾ, ನಿನ್ನ ಭಂಡಾರದಲ್ಲಿ ಒಂದು ರನ್ನಿಗೆ ಏನು ಬರಗಾಲ ಎಂದು ಕೇಳಿದೆ.

ಮೊದಲ ಚೆಂಡು ಬ್ಯಾಟಿಗೆ ಸಿಗಲಿಲ್ಲ. ಎರಡನೆಯದೂ ಇಲ್ಲ. ಅಜ್ಜನ ಬ್ಯಾಟು ಬೀಸುವುದು ಅಂದವಾಗಿತ್ತು, ಆದರೆ ಅವರು ಬೀಸಿ ಮುಗಿಸುವ ಹೊತ್ತಿಗೆ ಚೆಂಡು ತನ್ನ ಪಾಡಿಗೆ ಹೋಗಿಯಾಗಿರುತ್ತಿತ್ತು. ಮೂರನೆಯದನ್ನು ಇಮ್ತಿಯಾಜ್ ಭಾಯಿ ಇನ್ನೂ ಮೆಲ್ಲಗೆ ಹಾಕಿದರು. ಅದು ಏನಕ್ಕೋ ತಾಗಿ, ಸವರಿಕೊಂಡು, ಹಿಂದೆ ಕಾರುಗಳ ಕಡೆಗೆ ಉರುಳಿತು.

"ಓಡಿ ಮಾರಾಯ್ರೆ, ಓಡಿ!" ಎಂದು ವಾರಿಜಕ್ಕ ಗಂಡನನ್ನು ಕೂಗಿದಳು. ದಿನಕರಣ್ಣ ಓಡಿದರು. ಆಚೆ ತುದಿ ಮುಟ್ಟಿದರು. ಎರಡೂ ತಂಡದವರು ಕುಣಿದಾಡಿದರು. ಯಜಮಾನರು ಬಾಯಿತುಂಬ "ಒಂದು ರನ್!" ಎಂದರು.

ಆಗ ಅಜ್ಜ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಬ್ಯಾಟನ್ನು ಊರುಗೋಲು ಮಾಡಿಕೊಂಡು, ಆ ರಿಪೇರಿಯಾದ ಸೊಂಟದ ಮೇಲೆ ಭಾರ ಹಾಕಿ, ನಡುಗುತ್ತ ಒಂದು ಕಾಲನ್ನು ಮೇಲೆತ್ತಿ, ಮಂಡಿಯನ್ನು ಕೈಯಿಂದ ತಟ್ಟಿ ತೋರಿಸಿದರು. ಜೂಲಿಯ ಬಾಯಿಂದ ಒಂದು ಸಣ್ಣ ಕೂಗು ಹೊರಟಿತು. ನನಗೆ ಅರ್ಥವಾಗಲಿಲ್ಲ; ವಾರಿಜಕ್ಕ ಪಿಸುಗುಟ್ಟಿದಳು, "ಅದು ಲೆಗ್ ಬೈ ಅಂತ ಹೇಳುದು. ಚೆಂಡು ಕಾಲಿಗೆ ತಾಗಿದ್ದಂತೆ, ಬ್ಯಾಟಿಗೆ ಅಲ್ವಂತೆ. ರನ್ನು ತಂಡಕ್ಕೆ ಸಿಗ್ತದೆ, ಅಜ್ಜನಿಗೆ ಇಲ್ಲ."

ಅಂಪೈರು ಮಾಡಬೇಕಾದ ಸನ್ನೆಯನ್ನು ಬ್ಯಾಟು ಹಿಡಿದವರೇ ಮಾಡಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅರವತ್ತು ವರ್ಷದ ಹಿಂದೆ ಯಾರೂ ಕೇಳದಿದ್ದರೂ ತಾವಾಗಿ ಹೊರಟುಬಂದವರು, ಈಗ ಯಾರೂ ಕೇಳದಿದ್ದರೂ ತಮ್ಮ ಏಕೈಕ ರನ್ನನ್ನು ವಾಪಸು ಕೊಡುತ್ತಿದ್ದರು. ಯಜಮಾನರ ಮುಖ ಬಾಡಿತು.

ಅಷ್ಟರಲ್ಲಿ ಚೆಂಡು ಹೆಕ್ಕಲು ಹೋಗಿದ್ದ ಇಮ್ತಿಯಾಜ್ ಭಾಯಿ ಅದನ್ನು ಮೇಲೆತ್ತಿ ಕೂಗಿಕೊಂಡು ಓಡಿಬಂದರು. "ಸಿಂದೂರ್! ದೇಖೋ, ಸಿಂದೂರ್ ಲಗಾ ಹೈ! ಬ್ಯಾಟ್ ಸೇ ಲಗೀ ಹೈ!" ಬಿಳಿ ಟೇಪಿನ ಮೇಲೆ ಕೆಂಪು ಗುರುತು. ಪೂಜೆ ಮಾಡಿದ್ದು ಬ್ಯಾಟಿಗೆ, ಆದ್ದರಿಂದ ಚೆಂಡು ತಾಗಿದ್ದು ಬ್ಯಾಟಿಗೇ. ಮತ್ತೆ ಎಲ್ಲರೂ ಕುಣಿಯಲಾರಂಭಿಸಿದರು.

ನನ್ನ ಬಾಯಿಗೆ ಬಾಗಿಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು ಹುಟ್ಟುಗುಣ. "ರೀ, ಪ್ಯಾಡಿಗೂ ಕುಂಕುಮ ಇಟ್ಟಿದೀನಿ!" ಎಂದು ಇಡೀ ಬೆಟ್ಟಕ್ಕೆ ಕೇಳುವಂತೆ ಕೂಗಿದೆ.

ಯಜಮಾನರು ನನ್ನನ್ನು ನೋಡಿದ ನೋಟವನ್ನು ಮದುವೆಯಾದಂದಿನಿಂದ ಕಂಡಿರಲಿಲ್ಲ. "ಗಿರಿಜಾ, ಸ್ವಲ್ಪ ಸುಮ್ನಿರ್ತೀಯಾ?"

"ನಿಂಗೆಂತ ಮರ್ಲಾ?" ವಾರಿಜಕ್ಕ ನನ್ನ ಸೆರಗು ಜಗ್ಗಿದಳು. "ಬಾಯಿ ಮುಚ್ಚಿ ಕೂರ್ಲಿಕ್ಕೆ ಎಂತ ಆಗ್ತಿತ್ತು? ಒಂದು ರನ್ನು ಕೊಟ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅಜ್ಜ ಮಾತ್ರ ಯಜಮಾನರ ಸನ್ನೆಯಿಂದ ವಿಷಯ ತಿಳಿದುಕೊಂಡು, ಟೋಪಿ ತೆಗೆದು ನನ್ನತ್ತ ಬಾಗಿದರು. ಆ ಬಾಗುವಿಕೆ ಕಂಡು ನನಗೆ ಸಂತೋಷದ ಬದಲು ಅಳುವೇ ಬಂತು. ಸುಳ್ಳಿನ ರನ್ನು ಅವರಿಗೆ ಬೇಡ, ನಿಜ. ಆದರೆ ನಿಜದ ರನ್ನನ್ನೇ ನಾನು ಕಿತ್ತುಕೊಂಡಿದ್ದರೆ? ತಡೆಯಲಾಗದೆ ಚಪ್ಪಲಿ ಮೆಟ್ಟಿಕೊಂಡು ಮೈದಾನದೊಳಕ್ಕೇ ನಡೆದೆ. "ಎಲ್ಲಿ, ಆ ಚೆಂಡು ಕೊಡಿ ಇಲ್ಲಿ," ಎಂದೆ.

ಸೆರಗಿನ ನೆರಳು ಮಾಡಿಕೊಂಡು ನೋಡಿದೆ. ಕುಂಕುಮದ ಕೆಂಪು. ಕೆಂಪಿನ ಬದಿಗೆ, ಕೆಂಪಿನ ಅಡಿಯಿಂದ ಇಣುಕುತ್ತಿದ್ದ ಒಂದು ಗೆರೆ, ಹಸಿಯಾಗಿ, ಹಳದಿಯಾಗಿ.

"ರೀ, ಇಲ್ಲಿ ನೋಡಿ, ಅರಿಶಿನ! ಬಿಳಿ ಹಾಳಾಗತ್ತೆ ಅಂತ ಪ್ಯಾಡಿಗೆ ನಾನು ಅರಿಶಿನ ಮುಟ್ಟಿಸಲೇ ಇಲ್ಲ. ಅರಿಶಿನ ಇರೋದು ಬ್ಯಾಟಿಗೆ ಮಾತ್ರ. ಮೊದಲು ಬ್ಯಾಟಿಗೆ ತಾಗಿ ಆಮೇಲೆ ಕಾಲಿಗೆ ತಾಗಿದೆ. ಹೇಳ್ರೀ ಅವರಿಗೆ!"

ಯಜಮಾನರು ಅಜ್ಜನ ಕಿವಿಯ ಹತ್ತಿರ ಬಾಗಿ ಹೇಳಿದರು. ಅಜ್ಜ ಕನ್ನಡಕ ಹಾಕಿಕೊಂಡು ಚೆಂಡನ್ನು ನೋಡಿದರು. ಪ್ಯಾಡನ್ನು ಬಾಗಿ ನೋಡಿದರು. ಅಲ್ಲಿ ಹಳದಿಯ ಸುಳಿವಿಲ್ಲ. ಬ್ಯಾಟಿನ ಅಂಚನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ನಾನು ಬಳಿದ ಅರಿಶಿನದಲ್ಲಿ ಒಂದು ಕಡೆ ಹೊಸದಾಗಿ ಒರೆಸಿಹೋದ ಗುರುತಿತ್ತು. ಅದರ ಮೇಲೆ ಹೆಬ್ಬೆರಳಾಡಿಸಿದರು. ಕಿವಿಗೆ ಯಂತ್ರವಿರಲಿಲ್ಲ, ಸದ್ದು ಕೇಳಿಸಿರಲಿಲ್ಲ. ಅರವತ್ತು ವರ್ಷದ ಹಿಂದೆ ಕೂದಲೆಳೆಯನ್ನೂ ಹಿಡಿದ ಕೈಗೆ ಈಗ ಅಷ್ಟು ಚುರುಕಿರಲಿಲ್ಲ. ಆಮೇಲೆ ನೆಟ್ಟಗೆ ನಿಂತು, ನ್ಯಾಯಾಲಯದಲ್ಲಿ ನಿಂತವರಂತೆ ಅಂಪೈರರ ತೀರ್ಮಾನವೇನೆಂದು ಕೇಳಿದರು.

ನಮ್ಮ ಯಜಮಾನರು ಗಂಟಲು ಸರಿಪಡಿಸಿಕೊಂಡು, ಇಡೀ ಆಯುಷ್ಯದಲ್ಲಿ ಅಷ್ಟು ಗಂಭೀರವಾಗಿ ಏನನ್ನೂ ಹೇಳಿರದವರ ಹಾಗೆ, "ಬ್ಯಾಟಿನಿಂದ, ಒಂದು ರನ್" ಎಂದರು.

ಅಜ್ಜ ತಲೆದೂಗಿದರು. ಬ್ಯಾಟು ಹಿಡಿದ ಕೈಯಲ್ಲೇ ಯಜಮಾನರನ್ನು ತಬ್ಬಿಕೊಂಡರು. ದಿನಕರಣ್ಣ, ಇನ್ನೂ ಚೆಂಡುಗಳಿವೆ, ಒಂದು ಬೌಂಡರಿಯನ್ನೂ ಹೊಡೆದೇ ಹೋಗಬೇಕೆಂದು ಒತ್ತಾಯಿಸಿದರು. ಇಮ್ತಿಯಾಜ್ ಭಾಯಿ ಬೇಕಾದರೆ ಚೆಂಡನ್ನು ಉರುಳಿಸಿಯೇ ಹಾಕುತ್ತೇನೆಂದರು. ಅಜ್ಜ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇಡ್ಲಿಯ ತಟ್ಟೆಗೆ ಅಡ್ಡ ಹಿಡಿಯುವ ಹಾಗೆ ಎರಡು ಕೈಗಳನ್ನೂ ಮುಂದೆ ಹಿಡಿದು, ನಗುತ್ತ ಹೇಳಿದರು:

"ಸಾಕು."

ಔಟಾಗದೆ ಒಂದು. ಜೂಲಿ ಓಡಿಹೋಗಿ ಅಪ್ಪನ ತೋಳು ಹಿಡಿದುಕೊಂಡಳು. ಬೈಯಬೇಕೆಂದು ಹೋದವಳು ಬೈಯುವುದನ್ನು ಮರೆತಳು. ಡಿಕ್ಕಿಯ ದೀಪ ಇನ್ನೂ ಉರಿಯುತ್ತಿತ್ತು. ಪುಳಿಯೋಗರೆಯ ಡಬ್ಬಿ ತೆರೆದೆ. ಆಮೇಲೆ ಬ್ಯಾಟು ಮಾಡಿದ ವರ್ಕ್‌ಶಾಪಿನವರು ಗೆದ್ದರೋ ಆಫೀಸಿನವರು ಗೆದ್ದರೋ, ನಿಜ ಹೇಳುತ್ತೇನೆ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಡುವ ದಿನ ಇಮ್ತಿಯಾಜ್ ಭಾಯಿ ಕೊಟ್ಟುಕಳಿಸಿದ ಆ ಚೆಂಡನ್ನು ನಾನೇ ಒಂದು ಹತ್ತಿಬಟ್ಟೆಯಲ್ಲಿ ಸುತ್ತಿ ಅಜ್ಜನ ಕೈಗಿಟ್ಟೆ. ಬಿಸಿಲಿಗೆ ಇಡಬೇಡಿ, ಅರಿಶಿನ ಹೊರಟುಹೋಗುತ್ತದೆ ಎಂದು ಯಜಮಾನರ ಮೂಲಕ ಎರಡೆರಡು ಸಲ ಹೇಳಿಸಿದೆ. ಅವರು ಬೀದಿಯ ತಿರುವು ದಾಟಿದ ಮೇಲೆ ಮುಂಭಾಗದ ಮನೆ ಖಾಲಿಯಾಯಿತು. ಬೆಳಿಗ್ಗೆ ನೀರು ಹಾಕುವಾಗ ತುಳಸಿಗೂ ನನಗೂ ಸ್ವಲ್ಪ ಬೇಸರ.

ನಿನ್ನೆ ಜೂಲಿ ಫೋಟೋ ಕಳಿಸಿದ್ದಳು. ಅಜ್ಜನ ಕೋಣೆಯ ಕಿಟಕಿಯ ಹಲಗೆಯ ಮೇಲೆ ಚೆಂಡು. ಕೂಡಲೇ ಮಗಳನ್ನು ಹಿಡಿದು, ಕಿಟಕಿಯಿಂದ ತೆಗೆಯಿರಿ ಎಂದು ಬರೆಸಿದೆ. ಸ್ವಲ್ಪ ಹೊತ್ತಿಗೆ ಅಜ್ಜನ ಉತ್ತರ ಬಂತು. ಮಗಳು ಓದಿ, ಯಾಕೋ ಏನೋ, ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: "ಅಮ್ಮ, ಹೆದರಬೇಡಿ ಅಂತೆ. ಅಲ್ಲಿ ಬಿಸಿಲೇ ಬರಲ್ವಂತೆ."

ಅಜ್ಜನ ಊರಿನ ಮೋಡ ಕವಿದ ಆಕಾಶವನ್ನೂ ಉಪಕಾರಗಳ ಪಟ್ಟಿಗೆ ಸೇರಿಸಿಕೊಂಡೆ. ಇಲ್ಲಿಯ ಆಕಾಶದ್ದು ಬೇರೆ ಸ್ವಭಾವವಷ್ಟೆ. ಆದ್ದರಿಂದ ಇವತ್ತು ಬೆಳಿಗ್ಗೆ ತಾರಸಿಯಲ್ಲಿ, ತಬ್ಬಿಕೊಂಡ ಬ್ಯಾಟಿನ ಗುರುತನ್ನು ಭುಜದ ಮೇಲೆ ಹೊತ್ತ, ಇಷ್ಟು ದಿನ ಒಗೆಯದೆ ಎತ್ತಿಟ್ಟಿದ್ದ ಆ ಅಂಗಿಯನ್ನು ಹಿಡಿದು ಸ್ವಲ್ಪ ಹೊತ್ತು ನಿಂತವಳು, ಸೂರ್ಯನಾರಾಯಣನಿಗೆ ಕೈಮುಗಿದು, ಇದೊಂದನ್ನು ಬಿಟ್ಟುಬಿಡಪ್ಪ ಎಂದು ಹೇಳಿ, ಕೆಳಗೆ ತಂದು ದೇವರ ಕೋಣೆಯ ಪಕ್ಕದ ನೆರಳಿನಲ್ಲಿ ಹರವಿದ್ದೇನೆ. ಒಣಗಲು ತಡವಾಗುತ್ತದೆ. ಆಗಲಿ.